ದೆವ್ವ ವಾಚು ಕಟ್ಟಿಕೊಂಡು ಬಂದಾಗ

ಬಳ್ಳಾರಿ ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಒಳಗೆ ಮಲಗೋ ಮಾತೇ ಇಲ್ಲ. ಕೌಲ್ ಬಜಾರಿನ ನಮ್ಮ ಅಕ್ಕನ ಮನೆಯಲ್ಲಿ ರಜೆಗೆ ಸೇರಿದ ಹತ್ತು ಹನ್ನೆರಡು ಮಂದಿ ಮಾಳಿಗೆ ಹತ್ತಿ, ಚಾಪೆ ಹಾಸಿ, ಕೆಳಗಿನಿಂದ ವೈರು ಎಳೆದು, ಸಣ್ಣ ಟಿವಿಯಲ್ಲಿ ಬಾಡಿಗೆ ಸಿಡಿ ಹಾಕಿಕೊಂಡು ಸಿನಿಮಾ ನೋಡುತ್ತಿದ್ದೆವು. ಅವತ್ತು ತಂದಿದ್ದು ಒಂದು ಡಬ್ಬಿಂಗ್ ದೆವ್ವದ ಸಿನಿಮಾ. ಹಾಳು ಬಂಗಲೆ, ಕಿರ್ರ್ ಅನ್ನೋ ಬಾಗಿಲು, ನೆಲದ ತುಂಬ ಹೊಗೆ. ಬಿಳಿ ಸೀರೆಯ ದೆವ್ವ ಬಾಗಿಲ ಸಂದಿಯಿಂದ ಮೆಲ್ಲಗೆ ಕೈ ಚಾಚಿತು. ನಾನು ಚಾದರವನ್ನು ಮೂಗಿನ ತನಕ ಎಳೆದುಕೊಂಡೆ. ಆಗ ಹಿಂದೆ ಕೂತಿದ್ದ ಚಿಕ್ಕಪ್ಪ ತಣ್ಣಗೆ ಹೇಳಿದರು: "ಲೇ, ಟೈಮ್ ಎಷ್ಟಾತು ಕೇಳ್ರೋ ಆಕೀನ. ವಾಚ್ ಕಟ್ಟ್ಯಾಳ."

ನೋಡಿದರೆ ಹೌದು. ದೆವ್ವದ ಮಣಿಕಟ್ಟಿನಲ್ಲಿ ಬಂಗಾರದ ಬಣ್ಣದ ಚೈನಿನ ವಾಚು. ಆಮೇಲೆ ಆ ದೆವ್ವ ಯಾರ ಕುತ್ತಿಗೆ ಹಿಸುಕಿತು, ಯಾಕೆ ಹಿಸುಕಿತು, ಯಾರಿಗೂ ಬೇಕಾಗಿರಲಿಲ್ಲ. ಪಕ್ಕದ ಮನೆಯವರು ಎದ್ದು ಬೈಯೋ ತನಕ ನಕ್ಕೆವು. ವಿಚಿತ್ರ ಅಂದರೆ, ಅಷ್ಟು ನಕ್ಕ ಮೇಲೂ ಆ ರಾತ್ರಿ ಕೆಳಗಿನ ಬಚ್ಚಲಿಗೆ ಒಬ್ಬನೇ ಇಳಿದು ಹೋಗೋ ಧೈರ್ಯ ನನಗೆ ಬರಲಿಲ್ಲ.

ಇದು ನನ್ನನ್ನು ಬಹಳ ವರ್ಷ ಕಾಡಿದ ಪ್ರಶ್ನೆ. ದುಡ್ಡು ಸುರಿದು ಮಾಡಿದ ಎಷ್ಟೋ ಸಿನಿಮಾ ನೋಡಿದ್ದೇನೆ, ಮರೆತಿದ್ದೇನೆ. ಆ ವಾಚು ಮಾತ್ರ ಇನ್ನೂ ಕಣ್ಣಮುಂದಿದೆ. ಅಗ್ಗದ, ಅಡ್ಡಾದಿಡ್ಡಿ, ಹೆದರಿಸಬೇಕೋ ನಗಿಸಬೇಕೋ ಅಂತ ತನಗೇ ಗೊತ್ತಿಲ್ಲದ ದೆವ್ವದ ಸಿನಿಮಾಗಳಿಗೆ ಇಷ್ಟೊಂದು ಜನ ಯಾಕೆ ಅಂಟಿಕೊಳ್ಳುತ್ತಾರೆ? ಸಾಮಾನ್ಯವಾಗಿ ಬರೋ ಉತ್ತರ, "ಸುಮ್ನೆ ಟೈಂಪಾಸ್, ತಪ್ಪು ಮನ್ನಿಸಿ ನೋಡ್ತೀವಿ" ಅಂತ. ನನಗನಿಸೋದು ಉಲ್ಟಾ. ನಾವು ತಪ್ಪು ಮನ್ನಿಸಿ ನೋಡಲ್ಲ. ಆ ತಪ್ಪು ನೋಡೋಕೇ ಕೂತಿರುತ್ತೇವೆ.

ಮೊದಲು ಹೆದರಿಕೆ ಮತ್ತು ನಗು ಎಷ್ಟು ಹತ್ತಿರದ ನೆಂಟರು ಅಂತ ನೋಡೋಣ. ಹೆದರಿದಾಗ ಎದೆ ಡವಡವ ಅನ್ನುತ್ತೆ, ಉಸಿರು ಜೋರಾಗುತ್ತೆ, ಮೈ ಬಿಗಿಯಾಗುತ್ತೆ. ಹೊಟ್ಟೆ ಹುಣ್ಣಾಗುವಂತೆ ನಕ್ಕಾಗಲೂ ಎದೆ ಓಡುತ್ತೆ, ಉಸಿರು ಕಟ್ಟುತ್ತೆ. ಹೆದರಿಕೆ ಮುಗಿದ ತಕ್ಷಣ ಮೈ ತಣ್ಣಗಾಗಲ್ಲ, ಆ ಬಿಸಿ ಸ್ವಲ್ಪ ಹೊತ್ತು ಒಳಗೇ ಇರುತ್ತೆ. ಆಗ ಏನು ಎದುರಿಗೆ ಬಂದರೂ ಆ ಬಿಸಿ ಅದಕ್ಕೆ ಹೋಗಿ ಅಂಟುತ್ತೆ. ಡಾಲ್ಫ್ ಜಿಲ್ಮನ್ ಅನ್ನೋ ಮನಶ್ಶಾಸ್ತ್ರಜ್ಞರು ಈ ವಿಷಯದ ಮೇಲೆಯೇ ಕೆಲಸ ಮಾಡಿದವರು: ಒಂದು ಭಾವನೆಯಿಂದ ಎದ್ದ ಉದ್ವೇಗ ಮುಂದಿನ ಭಾವನೆಗೆ ಸೇರಿಕೊಂಡು ಅದನ್ನು ದೊಡ್ಡದು ಮಾಡುತ್ತೆ ಅನ್ನೋದು ಅವರ ವಾದ. ಅಂದರೆ ದೆವ್ವ ಬರೋ ಮುಂಚೆ ಐದು ನಿಮಿಷ ಉಸಿರು ಬಿಗಿ ಹಿಡಿದಿದ್ದರಿಂದಲೇ ವಾಚಿಗೆ ಅಷ್ಟು ನಗು ಬಂತು. ಅದೇ ವಾಚನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕಟ್ಟಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ.

ಎರಡನೇ ಮಾತು ಕಚಗುಳಿಯದು. ನಿಮಗೆ ನೀವೇ ಕಚಗುಳಿ ಇಟ್ಟುಕೊಳ್ಳಿ, ಏನೂ ಆಗಲ್ಲ. ದಾರಿಯಲ್ಲಿ ಹೋಗೋ ಅಪರಿಚಿತ ಇಟ್ಟರೆ ಕಪಾಳಕ್ಕೆ ಹೊಡೆಯುತ್ತೀರಿ. ಅದೇ ನಿಮ್ಮ ಮಾಮ ಇಟ್ಟರೆ ಬಿದ್ದು ಬಿದ್ದು ನಗುತ್ತೀರಿ. ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು 2010ರಲ್ಲಿ ಇದನ್ನೊಂದು ಸಿದ್ಧಾಂತವಾಗಿ ಮುಂದಿಟ್ಟರು. ಏನೋ ತಪ್ಪಾಗುತ್ತಿದೆ, ಅಪಾಯ ಅಂತ ಒಂದು ಕಡೆ ಅನಿಸಬೇಕು, ಅದೇ ಕ್ಷಣ ಏನೂ ಆಗಲ್ಲ ಬಿಡು ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಬಂದರೆ ನಗು.

ಈಗ ದುಡ್ಡಿನ ವಿಷಯ ಇಲ್ಲಿ ಎಲ್ಲಿ ಬರುತ್ತೆ ಅಂದರೆ, ಆ "ಏನೂ ಆಗಲ್ಲ ಬಿಡು" ಅನ್ನೋ ಭರವಸೆ ಕೊಡೋದೇ ಅಗ್ಗತನ. ದೊಡ್ಡ ಬಜೆಟ್ಟಿನ ದೆವ್ವ ಹೊಲಿಗೆ ಕಾಣದಂತೆ ಹೊಲಿದ ಅಂಗಿ. ಎಲ್ಲಿಂದ ಬಿಚ್ಚಬೇಕು ಗೊತ್ತಾಗಲ್ಲ, ಹೆದರಿಕೆಯಲ್ಲೇ ಸಿಕ್ಕಿ ಕೂರುತ್ತೇವೆ. ಅಗ್ಗದ ದೆವ್ವಕ್ಕೆ ಹೊಲಿಗೆ ಕಾಣುತ್ತೆ. ಬೆನ್ನಿಗೆ ಜಿಪ್ ಇರುತ್ತೆ, ಹಾರೋ ಬಾವಲಿಗೆ ದಾರ ಇರುತ್ತೆ, ತಲೆಬುರುಡೆ ಕೆಳಗೆ ಬಿದ್ದರೆ ಪ್ಲಾಸ್ಟಿಕ್ ಬಕೆಟ್ ಬಿದ್ದ ಸದ್ದು ಬರುತ್ತೆ. ಆ ದಾರ ಕಂಡ ಕ್ಷಣ ನಮಗೆ ಎರಡು ಸಿನಿಮಾ ಒಟ್ಟಿಗೆ ಕಾಣುತ್ತವೆ. ಒಂದು ದೆವ್ವ ಬಂದ ಸಿನಿಮಾ. ಇನ್ನೊಂದು, ಯಾರೋ ನಾಲ್ಕು ಜನ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ದಾರ ಎಳೆಯುತ್ತ, ಇನ್ನೊಂದು ಟೇಕ್ ತೆಗೆಯೋಕೆ ದುಡ್ಡಿಲ್ಲದೆ "ಓಕೆ ಓಕೆ, ಯಾರೂ ನೋಡಲ್ಲ ಬಿಡು" ಅಂದ ಸಿನಿಮಾ. ನನಗೆ ಎರಡನೆಯದರ ಮೇಲೇ ಪ್ರೀತಿ ಜಾಸ್ತಿ.

ಇದು ನಮ್ಮ ಸೀಮೆಯವರಿಗೆ ಹೊಸದಂತೂ ಅಲ್ಲ. ಸಂಸ್ಕೃತದ ಸಾಹಿತ್ಯದರ್ಪಣ ಅನ್ನೋ ಕಾವ್ಯಶಾಸ್ತ್ರದ ಗ್ರಂಥ ಹಾಸ್ಯರಸಕ್ಕೂ ಭಯಾನಕರಸಕ್ಕೂ ಹೊಂದಲ್ಲ, ವಿರೋಧ ಅಂತ ಬರೆದಿಟ್ಟಿದೆ. ನಮ್ಮ ಕಡೆಯ ಬಯಲಾಟದವರು ಅದನ್ನು ಓದೋ ಗೋಜಿಗೆ ಹೋದಂತಿಲ್ಲ. ದೊಡ್ಡಾಟದಲ್ಲಿ ರಕ್ಕಸ ಬರುವಾಗ ಮೊದಲು ಗರ್ಜನೆ ಕೇಳುತ್ತೆ. ಮಕ್ಕಳು ಅವ್ವನ ಸೆರಗಿಗೆ ನುಗ್ಗುತ್ತವೆ. ಕಿರೀಟ, ಭುಜಕೀರ್ತಿ, ದಪ್ಪ ಮೀಸೆ, ಹಲಗೆ ಅದುರುವಂತೆ ಕುಣಿತ. ಅದಾದ ಕೂಡಲೇ ಸಾರಥಿ ಮುಂದೆ ಬಂದು, ನೀನು ಯಾರಪ್ಪ, ಯಾವ ಊರು ಅಂತ ಕೇಳಿ, ಅವನು ಎದೆಯುಬ್ಬಿಸಿ ಹೇಳಿದ ಪ್ರತಿ ಮಾತಿಗೂ ಒಂದು ಕೊಂಕು ತೆಗೆದು ಜನರನ್ನು ನಗಿಸುತ್ತಾನೆ. ತೊಗಲುಗೊಂಬೆಯಾಟದಲ್ಲೂ ಅಷ್ಟೇ. ರಾಮ ರಾವಣರ ಯುದ್ಧದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪೋಲಿ ಮಾತಾಡಿ ಹೋಗುತ್ತಾರೆ. ಈ ಆಟ ನಮ್ಮಲ್ಲಿ ಇನ್ನೂ ಉಳಿದಿದೆ, ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಕಲೆಗೆ.

ಚಿಕ್ಕವನಿದ್ದಾಗ ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ಬಯಲಾಟ ನೋಡಿ, ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದೆವು. ಚಹಾದಂಗಡಿ ಬೆಂಚಿನ ಮೇಲೆ ರಾತ್ರಿಯ ರಕ್ಕಸ ಕೂತಿದ್ದ. ಕಿರೀಟ ಪಕ್ಕಕ್ಕೆ, ಅರ್ಧ ಮೀಸೆ ಕಿತ್ತುಬಂದಿತ್ತು, ಮುಖದ ಕೆಂಪು ಬಣ್ಣ ಬೆವರಿಗೆ ಇಳಿದು ಕುತ್ತಿಗೆಗೆ ಬಂದಿತ್ತು. ಸಾಸರಿಗೆ ಚಹಾ ಸುರಿದು ಊದಿಕೊಂಡು ಕುಡಿಯುತ್ತಿದ್ದ. ನನ್ನನ್ನು ನೋಡಿ ಹುಬ್ಬು ಹಾರಿಸಿದ. ನಾನು ಅಪ್ಪನ ಹಿಂದೆ ಅಡಗಿದೆ, ಅಡಗಿಯೇ ನಕ್ಕೆ. ಅಗ್ಗದ ದೆವ್ವದ ಸಿನಿಮಾ ಮಾಡೋದು ಇದನ್ನೇ, ಆದರೆ ಬೆಳಗಾಗೋ ತನಕ ಕಾಯಿಸಲ್ಲ. ರಕ್ಕಸನೂ ಚಹಾ ಕುಡಿಯೋನೂ ಒಂದೇ ಫ್ರೇಮಿನಲ್ಲಿ ಬಂದುಬಿಡುತ್ತಾರೆ.

"ನಾಳೆ ಬಾ" ಕಥೆ ನೆನಪಿದೆ ಅಲ್ವಾ? ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಊರುಗಳಲ್ಲಿ ಹಬ್ಬಿದ ಸುದ್ದಿ. ರಾತ್ರಿ ದೆವ್ವ ಬಂದು ನಿಮ್ಮವರ ದನಿಯಲ್ಲೇ ಕೂಗುತ್ತೆ, ಬಾಗಿಲು ತೆಗೆದರೆ ಮುಗೀತು. ಅದಕ್ಕೆ ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರು. ದೆವ್ವ ಓದುತ್ತೆ, ವಾಪಸ್ ಹೋಗುತ್ತೆ, ಮರುದಿನ ಬರುತ್ತೆ, ಮತ್ತೆ ಅದನ್ನೇ ಓದುತ್ತೆ. ಇದು ಭಯದ ಕಥೆಯೋ ಜೋಕೋ ನೀವೇ ಹೇಳಿ. ಯಾವುದಾದರೂ ಸರ್ಕಾರಿ ಕಚೇರಿಗೆ ಒಂದು ಸಹಿಗಾಗಿ ಅಲೆದವರಿಗೆ ಆ ದೆವ್ವದ ಮೇಲೆ ಕರುಣೆಯೇ ಬರಬೇಕು. 2018ರ ಹಿಂದಿ ಸಿನಿಮಾ "ಸ್ತ್ರೀ" ಹುಟ್ಟಿದ್ದು ಇದೇ ಮೂರಕ್ಷರದ ಎರಡು ಪದದಿಂದ, ಊರು ಮಾತ್ರ ಮಧ್ಯಪ್ರದೇಶದ ಚಂದೇರಿ ಆಯಿತು. ದೆವ್ವಕ್ಕೆ ಶಕ್ತಿ ಎಷ್ಟಾದರೂ ಇರಲಿ, ಅದಕ್ಕೊಂದು ಪೆದ್ದು ನಿಯಮ ಕಟ್ಟಿಬಿಟ್ಟರೆ ಸಾಕು, ಅರ್ಧ ಕಾಮಿಡಿ ಅಲ್ಲೇ ಆಯಿತು.

ಇನ್ನು ಇಂಥ ಸಿನಿಮಾ ಯಾಕೆ ಇಷ್ಟು ಸಂಖ್ಯೆಯಲ್ಲಿ ಬರುತ್ತವೆ ಅನ್ನೋದಕ್ಕೆ ಉತ್ತರ ಸರಳ. ದೆವ್ವಕ್ಕೆ ಕಾಲ್‌ಶೀಟ್ ಬೇಡ. ಸ್ಟಾರ್ ಬೇಡ, ಫಾರಿನ್ ಹಾಡು ಬೇಡ. ಒಂದು ಹಳೇ ಮನೆ, ನಾಲ್ಕಾರು ಹೊಸ ಮುಖ, ರಾತ್ರಿ. ಕತ್ತಲಾದರೆ ಸೆಟ್ ಅರ್ಧ ಹಾಕಿದರೂ ನಡೆಯುತ್ತೆ, ಉಳಿದರ್ಧ ಕಾಣೋದೇ ಇಲ್ಲ. ಮುಂಬೈನ ರಾಮ್ಸೇ ಸಹೋದರರು ಇದನ್ನು ಮನೆ ಉದ್ಯೋಗ ಮಾಡಿಕೊಂಡವರು. 1970ರಲ್ಲಿ ಅವರ ಒಂದು ಸಿನಿಮಾ ಬಿದ್ದುಹೋಯಿತು, ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರೋ ದೃಶ್ಯಕ್ಕೆ ಮಾತ್ರ ಜನ ಬೆಚ್ಚಿಬಿದ್ದಿದ್ದನ್ನು ಅವರು ಗಮನಿಸಿದರು. ಹಾಗಾದರೆ ಪೂರ್ತಿ ಅದನ್ನೇ ಕೊಡೋಣ ಅಂತ ಮನೆಮಂದಿಯೆಲ್ಲ ಮಹಾಬಲೇಶ್ವರಕ್ಕೆ ಹೋಗಿ ಗೆಸ್ಟ್‌ಹೌಸಿನಲ್ಲಿ ಇಳಿದು "ದೋ ಗಜ್ ಜಮೀನ್ ಕೆ ನೀಚೆ" ತೆಗೆದು 1972ರಲ್ಲಿ ಬಿಡುಗಡೆ ಮಾಡಿದರು. ಏಳು ಜನ ಅಣ್ಣತಮ್ಮಂದಿರು. ಒಬ್ಬ ಬರೆಯೋನು, ಒಬ್ಬ ಕ್ಯಾಮೆರಾ, ಒಬ್ಬ ಸೌಂಡು, ಒಬ್ಬ ಎಡಿಟಿಂಗು, ಇಬ್ಬರು ನಿರ್ದೇಶನ. ಹೊರಗಿನವರಿಗೆ ಕೂಲಿ ಕೊಡೋ ಪ್ರಶ್ನೆಯೇ ಕಡಿಮೆ. ಬಾವಿ ತೋಡೋಕೆ ಕುಟುಂಬವೇ ಇಳಿದ ಹಾಗೆ.

ಒಂದು ಸೂಕ್ಷ್ಮ ನೋಡಿ. 1984ರ "ಪುರಾನಾ ಮಂದಿರ್"ನಲ್ಲಿ ನಗಿಸೋಕೆ ಅಂತಲೇ ಜಗದೀಪ್ ಅವರ ಕಾಮಿಡಿ ಟ್ರ್ಯಾಕ್ ಬೇರೆ ಇದೆ. ಈಗ ಕೂತು ನೋಡಿದರೆ ನಾವು ಆ ಟ್ರ್ಯಾಕನ್ನು ಮುಂದಕ್ಕೆ ಓಡಿಸಿಬಿಡುತ್ತೇವೆ. ನಗೋದು ದೆವ್ವ ಬಂದಾಗ. ನಗಿಸೋಕೆ ಬರೆದಿದ್ದು ಹಳಸಿತು, ಹೆದರಿಸೋಕೆ ತೆಗೆದಿದ್ದು ನಗಿಸುತ್ತಿದೆ.

ಇಲ್ಲೇ ಮುಖ್ಯವಾದ ಗುಟ್ಟು ಇರೋದು. ಕೆಟ್ಟದಾಗಿರೋದು ಸಾಲದು, ಮನಸ್ಸಿಟ್ಟು ಕೆಟ್ಟದಾಗಿರಬೇಕು. ಎಡ್ ವುಡ್ ಅನ್ನೋ ಅಮೆರಿಕದ ನಿರ್ದೇಶಕನ "ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್" ಇದಕ್ಕೆ ದೊಡ್ಡ ಉದಾಹರಣೆ. ಅದರ ನಟ ಬೇಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು, ಉಳಿದಿದ್ದು ಸ್ವಲ್ಪ ತುಣುಕು ಅಷ್ಟೇ. ಎಡ್ ವುಡ್ ಬಿಡಲಿಲ್ಲ. ತನ್ನ ಹೆಂಡತಿಗೆ ಬೆನ್ನುನೋವಿನ ಚಿಕಿತ್ಸೆ ಕೊಡುತ್ತಿದ್ದವನನ್ನೇ ಕರೆತಂದು, ನಿಲುವಂಗಿಯಿಂದ ಮುಖ ಮುಚ್ಚಿಸಿ, ಅವನೇ ಇವನು ಅಂತ ಉಳಿದ ದೃಶ್ಯ ತೆಗೆದ. ಇಬ್ಬರಿಗೂ ಎತ್ತರದಲ್ಲೂ ಹೋಲಿಕೆ ಇಲ್ಲ. 1980ರಲ್ಲಿ ಅದಕ್ಕೆ ಸಾರ್ವಕಾಲಿಕ ಕೆಟ್ಟ ಸಿನಿಮಾ ಅನ್ನೋ ಬಿರುದು ಸಿಕ್ಕಿತು, ಅಲ್ಲಿಂದ ಜನ ಹುಡುಕಿಕೊಂಡು ಹೋಗಿ ನೋಡತೊಡಗಿದರು. ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ. ತಾನೊಂದು ದೊಡ್ಡ ಸಿನಿಮಾ ಮಾಡುತ್ತಿದ್ದೇನೆ ಅಂತ ನಂಬಿದ್ದ. ನಮಗೆ ನಗು ಬರೋದೂ ಅದಕ್ಕೆ, ಎಲ್ಲೋ ಹೊಟ್ಟೆಯಲ್ಲಿ ಕಲಸೋದೂ ಅದಕ್ಕೆ.

ಸೂಸನ್ ಸಾಂಟಾಗ್ ಅನ್ನೋ ಅಮೆರಿಕದ ಲೇಖಕಿ 1964ರ ಪ್ರಬಂಧವೊಂದರಲ್ಲಿ ಈ ವ್ಯತ್ಯಾಸವನ್ನು ಹಿಡಿದಿದ್ದರು. ಗೊತ್ತಿಲ್ಲದೆ ಅತಿಯಾದದ್ದಕ್ಕೂ, ಗೊತ್ತಿದ್ದೇ ಅತಿ ಮಾಡಿದ್ದಕ್ಕೂ ಫರಕಿದೆ, ಮೊದಲನೆಯದೇ ರುಚಿ ಅನ್ನೋದು ಅವರ ನಿಲುವು. ಇವತ್ತು "ನಾವು ಬೇಕಂತಲೇ ಕೆಟ್ಟದಾಗಿ ಮಾಡಿದೀವಿ, ನೋಡಿ ನಗಿ" ಅಂತ ಬರೋ ಸಿನಿಮಾಗಳು ಹತ್ತು ನಿಮಿಷಕ್ಕೇ ಬೇಸರ ಹುಟ್ಟಿಸೋದು ಇದಕ್ಕೇ. ಮದುವೆಮನೆಯಲ್ಲಿ ತಾನೇ ಜೋಕು ಹೇಳಿ ತಾನೇ ಮೊದಲು ನಗೋ ದೊಡ್ಡಪ್ಪ ಇರುತ್ತಾರಲ್ಲ, ಹಾಗೆ.

ಹಾಗಂತ ಗೊತ್ತಿದ್ದು ಮಾಡಿದವರೆಲ್ಲ ಸೋತಿಲ್ಲ. ಗೆದ್ದವರು ಕೆಲಸದಲ್ಲಿ ಕಳ್ಳಾಟ ಆಡಲಿಲ್ಲ, ಅಷ್ಟೇ. ಅಮೆರಿಕದ ನಿರ್ದೇಶಕ ರೋಜರ್ ಕಾರ್ಮನ್ 1960ರಲ್ಲಿ ಮನುಷ್ಯರನ್ನು ತಿನ್ನೋ ಗಿಡದ ಕಥೆಯನ್ನು, ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ಟಿನಲ್ಲೇ, ಹೆಚ್ಚುಕಮ್ಮಿ ಎರಡು ದಿನದಲ್ಲಿ ಮುಗಿಸಿದರು. ಅದೇ ದೇಶದ ಸ್ಯಾಮ್ ರೈಮಿ ತಮ್ಮ 1981ರ "ದಿ ಈವಿಲ್ ಡೆಡ್"ಗೆ ಕಾಡಿನಲ್ಲಿ ದೆವ್ವ ಓಡಿಬರೋ ದೃಶ್ಯ ಬೇಕಾದಾಗ, ದುಬಾರಿ ಉಪಕರಣ ಇಲ್ಲದೆ, ಒಂದು ಮರದ ಹಲಗೆಗೆ ಕ್ಯಾಮೆರಾ ಬಿಗಿದು ಇಬ್ಬರು ಎರಡು ತುದಿ ಹಿಡಿದು ಓಡಿದರು. ರಕ್ತ ಅಂದರೆ ಜೋಳದ ಸಿಹಿ ಪಾಕಕ್ಕೆ ಬಣ್ಣ. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಗೆಳೆಯರ ಜೊತೆ ವಾರಾಂತ್ಯಗಳಲ್ಲಿ ನಾಲ್ಕು ವರ್ಷ ತೆಗೆದ "ಬ್ಯಾಡ್ ಟೇಸ್ಟ್" 1987ರಲ್ಲಿ ಬಂತು. ಅನ್ಯಗ್ರಹದವರ ಮುಖವಾಡಗಳನ್ನು ಅವ್ವನ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದ್ದರು. ಎರಡು ಪಾತ್ರ ಅವರೇ ಮಾಡಿ, ತಮ್ಮ ಜೊತೆ ತಾವೇ ಹೊಡೆದಾಡಿದ್ದಾರೆ. ಅದೇ ಮನುಷ್ಯನ "ಲಾರ್ಡ್ ಆಫ್ ದಿ ರಿಂಗ್ಸ್" ಮೂರನೇ ಭಾಗಕ್ಕೆ 2004ರಲ್ಲಿ 11 ಆಸ್ಕರ್ ಬಂತು. ಓವನ್ನಿನಲ್ಲಿ ಬೇಯಿಸಿದ ತಲೆಗಳನ್ನು ನೋಡಿದವರಿಗೆ ಅದರಲ್ಲಿ ಆಶ್ಚರ್ಯ ಇರಲಿಲ್ಲ ಅನಿಸುತ್ತೆ.

ನಮ್ಮ ಕಡೆ ತೆಲುಗು, ತಮಿಳು ದಾರಿಯಿಂದ ಬಂದ ಒಂದು ಬೇರೆ ಬಗೆ ಇದೆ. ಅಲ್ಲಿ ನಗು ಹುಟ್ಟೋದು ಹೀರೋನ ಹೇಡಿತನದಿಂದ. 2011ರ "ಕಾಂಚನ"ದಲ್ಲಿ ಹಗಲು ಹತ್ತು ಜನಕ್ಕೆ ಹೊಡೆಯೋ ಲಾರೆನ್ಸ್, ಕತ್ತಲಾದರೆ ಅವ್ವನ ಸೊಂಟ ಏರುತ್ತಾನೆ. ಮರುವರ್ಷ ಕನ್ನಡಕ್ಕೆ "ಕಲ್ಪನ" ಆಗಿ ಉಪೇಂದ್ರ ಅದನ್ನು ಮಾಡಿದರು. ಬಚ್ಚಲಿಗೆ ಒಬ್ಬನೇ ಹೋಗೋಕೆ ಹೆದರಿದ್ದ ನನಗೆ ಆ ಹೀರೋ ಎಷ್ಟು ಆಪ್ತ ಅಂತ ಬೇರೆ ಹೇಳಬೇಕಿಲ್ಲ. ಕನ್ನಡದಲ್ಲೇ 2013ರ "6-5=2" ಸ್ಟಾರ್ ಇಲ್ಲದೆ, ಯಾರೋ ಟ್ರೆಕ್ಕಿಂಗ್ ಹುಡುಗರ ಕೈಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಅನ್ನೋ ನೆಪದಲ್ಲಿ ಗೆದ್ದಿತು. ಅದು ಕಾಮಿಡಿ ಅಲ್ಲ, ಆದರೆ ಅಲುಗಾಡೋ ಚಿತ್ರ, ಅರ್ಧಂಬರ್ಧ ಸದ್ದು, ಬಡತನವನ್ನೇ ಬಂಡವಾಳ ಮಾಡಿಕೊಳ್ಳೋದು ಹೇಗೆ ಅನ್ನೋದಕ್ಕೆ ಒಳ್ಳೇ ಪಾಠ.

ಒಂದು ಕಹಿ ಮಾತೂ ಹೇಳಬೇಕು. ಈ ಬಗೆಯ ಸಿನಿಮಾಗಳಲ್ಲಿ ಸೋಮಾರಿತನ ಜಾಸ್ತಿ. ಕಪ್ಪು ಬಣ್ಣದವರನ್ನು, ದಪ್ಪಗಿರೋರನ್ನು, ಮಂಗಳಮುಖಿಯರನ್ನು ತೋರಿಸಿ "ದೆವ್ವ ಅನ್ಕೊಂಡೆ" ಅನ್ನೋ ಜೋಕು ಎಷ್ಟು ಸಲ ಬಂದಿಲ್ಲ? ಕಾಂಚನ ಕನಿಷ್ಠ ತನ್ನ ಮಂಗಳಮುಖಿ ದೆವ್ವಕ್ಕೊಂದು ನೋವಿನ ಕಥೆ ಕೊಟ್ಟಿತು, ಉಳಿದವು ಅಷ್ಟೂ ಮಾಡಲ್ಲ. ಅಲ್ಲಿ ಕಾಣೋದು ದಾರ ಅಲ್ಲ, ಮನಸ್ಸಿನ ಕೊಳಕು. ಅದಕ್ಕೆ ನನಗೆ ನಗು ಬರಲ್ಲ.

ಮತ್ತೆ ಇವುಗಳನ್ನು ಒಬ್ಬರೇ ಕೂತು ಮೊಬೈಲಿನಲ್ಲಿ ನೋಡಬೇಡಿ. ಸತ್ತುಹೋಗುತ್ತವೆ. ಹತ್ತು ಜನ ಬೇಕು, ಪುರಿ ಖಾರ ಬೇಕು, ಮಿರ್ಚಿ ಬೇಕು, ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಅರ್ಧ ಕಾಮೆಂಟರಿ ಕೊಡೋ ಒಬ್ಬ ಚಿಕ್ಕಪ್ಪ ಬೇಕು. ಸಾರಥಿ ಕೆಲಸ ಮಾಡೋರು ಇಲ್ಲದಿದ್ದರೆ ಬಯಲಾಟ ಇಲ್ಲ. ಒಳ್ಳೇ ಸಿನಿಮಾ ನೋಡುವಾಗ ಮಾತಾಡಿದರೆ ಬೈಗುಳ ಬೀಳುತ್ತೆ, ಇಲ್ಲಿ ಮಾತಾಡದಿದ್ದರೆ ಅರ್ಧ ಸಿನಿಮಾವೇ ಇಲ್ಲ.

ಹೋದ ವರ್ಷ ಅಕ್ಕನ ಮಗ ತಾನೇ ಒಂದು ಸಣ್ಣ ದೆವ್ವದ ಸಿನಿಮಾ ತೆಗೆದ, ಮೊಬೈಲಿನಲ್ಲಿ. ಕಥೆ ಬಳ್ಳಾರಿ ಕೋಟೆಯದು. ಹೈದರಾಲಿ ಫ್ರೆಂಚ್ ಇಂಜಿನಿಯರ್ ಕೈಯಲ್ಲಿ ಕೋಟೆ ಕಟ್ಟಿಸಿದ, ಎಲ್ಲ ಮುಗಿದ ಮೇಲೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಇದೆ ಅಂತ ಗೊತ್ತಾಯಿತು, ಸಿಟ್ಟಿಗೆ ಇಂಜಿನಿಯರನ್ನೇ ನೇಣಿಗೆ ಹಾಕಿಸಿದ ಅಂತ ನಮ್ಮೂರಲ್ಲಿ ಎಲ್ಲರೂ ಹೇಳೋ ಕಥೆ. ಆ ಇಂಜಿನಿಯರ್ ದೆವ್ವವಾಗಿ ಬಂದು ಟೇಪು ಹಿಡಿದು ಗುಡ್ಡ ಅಳೆಯುತ್ತಾನೆ ಅನ್ನೋದು ಹುಡುಗನ ಐಡಿಯಾ. ನನಗಂತೂ ಬಹಳ ಹಿಡಿಸಿತು. ಆದರೆ ಫ್ರೆಂಚ್ ಕೋಟು ಸಿಗಲಿಲ್ಲ. ಬಾಡಿಗೆಗೆ ದುಡ್ಡಿರಲಿಲ್ಲ. ಮನೆಯಲ್ಲಿ ಬಿಳಿ ಸೀರೆ ಇತ್ತು. ಹಾಗಾಗಿ ದೆವ್ವ ಇಂಜಿನಿಯರ್ ಹೆಂಡತಿ ಆಯಿತು. ಕೈಗೆ ದರ್ಜಿಯ ಟೇಪು. ರಕ್ತಕ್ಕೆ ಸಕ್ಕರೆ ಪಾಕ ಕಾಯಿಸಿ ಕೆಂಪು ಬಣ್ಣ ಹಾಕಿದ್ದ. ಎರಡನೇ ಟೇಕಿನ ಹೊತ್ತಿಗೆ ಇರುವೆ ಹತ್ತಿ, ದೆವ್ವ ಆಗಿದ್ದ ಹುಡುಗ ಟೇಪು ಬಿಸಾಕಿ ಮೈ ಕೆರೆದುಕೊಳ್ಳುತ್ತ ಓಡಿದ. ಅದನ್ನೂ ಕಟ್ ಮಾಡದೆ ಇಟ್ಟಿದ್ದಾನೆ, ಜಾಣ.

ಅದೇ ಮಾಳಿಗೆ ಮೇಲೆ ಬೆಡ್‌ಶೀಟ್ ಕಟ್ಟಿ ಎಲ್ಲರಿಗೂ ತೋರಿಸಿದ. ಅಜ್ಜಿ ಎಂಟು ನಿಮಿಷ ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಫ್ರಾನ್ಸಿನ್ಯಾಗ ಹಿಂಗ ಉಡ್ತಾರೇನೋ ಸೀರಿ? ನೆರಿಗಿ ಎಲ್ಲೈತಿ?" ಅಂದಳು. ಚಿಕ್ಕಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಹಲ್ಲುಸೆಟ್ಟು ಕೈಯಲ್ಲಿ ಹಿಡಿದು ನಗುತ್ತಿದ್ದರು.

ಈಗ ಎರಡನೇ ಭಾಗಕ್ಕೆ ತಯಾರಿ ನಡೆದಿದೆ. ದೆವ್ವಕ್ಕೆ ಸೀರೆ ಉಡಿಸೋ ಕೆಲಸ ಅಜ್ಜಿ ವಹಿಸಿಕೊಂಡಿದ್ದಾಳೆ, ಪಿನ್ನೂ ಕೊಡ್ತಾಳಂತೆ. ಹುಡುಗನಿಗೆ ಮಾತ್ರ ನಿದ್ದೆಯಿಲ್ಲ. ಮೊನ್ನೆ ಫೋನ್ ಮಾಡಿ, "ಮಾಮ, ನೆರಿಗಿ ಸರಿ ಬಂದ್ರ ಯಾರ್ ನಗ್ತಾರ?" ಅಂತ ಕೇಳಿದ.